ಎಣ್ಣೆ ಬಿದ್ದ ಜಾಗ

ಮೊದಲೇ ಹೇಳಿಬಿಡ್ತೀವಿ. ನಾವು ಮೂವರೂ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಇಷ್ಟುದ್ದ ಬರೆದದ್ದು ಹತ್ತನೇ ಕ್ಲಾಸಿನ ಪ್ರಬಂಧವೇ ಕೊನೆ. ಅದೂ ಗೈಡ್ ನೋಡಿಕೊಂಡು. ಹಾಗಾಗಿ ಒತ್ತಕ್ಷರ ಎಲ್ಲಾದರೂ ಜಾರಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ. ಟೈಪ್ ಮಾಡಿದ ಕೈ ಒಬ್ಬರದ್ದು, ಕಥೆ ಮೂವರದ್ದು. ಅದಕ್ಕೇ ಇಲ್ಲಿ ಎಲ್ಲಾ ಕಡೆ "ನಾವು".

ನಮ್ಮಲ್ಲೊಬ್ಬ ಅರಸೀಕೆರೆಯವನು, ಒಬ್ಬ ಚಿತ್ರದುರ್ಗದವನು, ಇನ್ನೊಬ್ಬ ಬೆಂಗಳೂರಿನವನು. ಮೂವರೂ ಮೆಕ್ಯಾನಿಕಲ್, ಮೂರನೇ ಸೆಮ್ ಪರೀಕ್ಷೆ ಮುಗಿಸಿ ರಜೆಗೆ ಅರಸೀಕೆರೆಯವನ ಮನೆಗೆ ಹೋಗಿದ್ವಿ. ಬಿಸಿಲಲ್ಲಿ ಎಳನೀರು ಕುಡಿಯೋದು, ಮಾಲೇಕಲ್ ತಿರುಪತಿ ಬೆಟ್ಟ ಹತ್ತೋದು, ಬೇರೇನೂ ಪ್ಲಾನ್ ಇರಲಿಲ್ಲ. ಆದರೆ ಅವರ ಮನೆ ಮುಂದೆ ತಾತನ ಅಂಬಾಸಿಡರ್ ನಿಂತಿತ್ತು. ಅದರ ಅಡಿಯಲ್ಲಿ ಒಂದು ರಟ್ಟು ಹಾಸಿತ್ತು.

ತಾತ ಅಂದರೆ ನಮ್ಮ ಗೆಳೆಯನ ಅಪ್ಪನ ಅಪ್ಪ. ಎಪ್ಪತ್ತನಾಲ್ಕು ವರ್ಷ. ಅರಸೀಕೆರೆ ರೈಲ್ವೆ ಸ್ಟೇಷನ್ ಮುಂದೆ ಟ್ಯಾಕ್ಸಿ ಇಟ್ಟುಕೊಂಡಿದ್ದವರು. ರೈಲಿಳಿದವರನ್ನು ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಅಂತ ಸುತ್ತಿಸಿ, ಅದರಲ್ಲೇ ಮನೆ ಕಟ್ಟಿ, ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದವರು. ಕಾರು 1986ರ ಮಾಡೆಲ್, ಮಾರ್ಕ್ 4, ಪೆಟ್ರೋಲ್, 1489 ಸಿಸಿ. ಗೇರ್ ಲಿವರ್ ಸ್ಟೀರಿಂಗ್ ಪಕ್ಕದಲ್ಲಿ. ಈಗ ಟ್ಯಾಕ್ಸಿ ಬೋರ್ಡಿಲ್ಲ, ಬಿಳಿ ಬೋರ್ಡು. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಸಂತೆಗೆ ಹೋಗಿ ಬರೋದು, ಅಷ್ಟೇ.

ಅಂಬಾಸಿಡರ್ ಬಗ್ಗೆ ಗೊತ್ತಿಲ್ಲದ ಜೂನಿಯರ್ಸ್‌ಗೆ ಒಂದೆರಡು ಮಾತು. ಇದರ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಅನ್ನೋ ಕಾರು. ಹಿಂದೂಸ್ತಾನ್ ಮೋಟರ್ಸ್‌ನವರು ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಇದನ್ನು ತಯಾರಿಸುತ್ತಿದ್ದರು. 1950ರ ದಶಕದ ಕೊನೆಯಲ್ಲಿ ಶುರುವಾದದ್ದು ನಿಂತಿದ್ದು 2014ರ ಮೇ ತಿಂಗಳಲ್ಲಿ. ಇಂಜಿನ್ ಮುಂದೆ, ಅದರ ಹಿಂದೆ ಗೇರ್ ಬಾಕ್ಸ್, ಅಲ್ಲಿಂದ ಉದ್ದ ಪ್ರೊಪೆಲರ್ ಶಾಫ್ಟ್, ಕೊನೆಗೆ ಹಿಂದಿನ ಚಕ್ರಗಳ ಡಿಫರೆನ್ಷಿಯಲ್. ನಮ್ಮ ಸಿಲಬಸ್‌ನಲ್ಲಿ ಒಂದು ಡಯಾಗ್ರಾಂ ಬರುತ್ತಲ್ಲ, ಅದೇ ಡಯಾಗ್ರಾಂ ರಸ್ತೇಲಿ ನಿಂತ ಹಾಗೆ.

ಆ ರಾತ್ರಿ ಊಟಕ್ಕೆ ಕೂತಾಗ ವಿಷಯ ಗೊತ್ತಾಯ್ತು. ಬೆಂಗಳೂರಿನಿಂದ ಹಳೇ ಕಾರು ಇಟ್ಟುಕೊಳ್ಳೋ ಒಬ್ಬರು ಬಂದು ನೋಡಿ, ಒಂದೂ ಕಾಲು ಲಕ್ಷ ಕೊಡ್ತೀನಿ ಅಂದಿದ್ದಾರೆ. ಗೆಳೆಯನ ಅಪ್ಪನಿಗೆ ಆ ದುಡ್ಡು ಬೇಕು. ನಾಲ್ಕನೇ ಸೆಮ್ ಫೀಸು, ಹಾಸ್ಟೆಲ್ಲು, ಎರಡೂ ಬಾಕಿ. ತೆಂಗಿಗೆ ರೋಗ ಬಿದ್ದು ಆ ವರ್ಷ ಕೊಬ್ಬರಿ ಕೈಗೆ ಹತ್ತಿರಲಿಲ್ಲ. ತಾತ ಮಾರೋದಕ್ಕೆ ಒಪ್ಪಿದ್ದರು. ಆದರೆ ಒಂದು ಷರತ್ತು.

"ಸೋರೋ ಗಾಡಿ ಕೊಟ್ಟು ದುಡ್ಡು ಈಸ್ಕೊಳ್ಳಕ್ಕೆ ನಂಗೆ ಮನಸ್ಸಿಲ್ಲ ಕಣಪ್ಪ. ಸರಿ ಮಾಡಿಸಿ ಕೊಡಣ."

"ಅಪ್ಪಾಜಿ, ಹಳೇ ಗಾಡಿ ಅಂದ್ಮೇಲೆ ಸೋರುತ್ತೆ. ಅವರಿಗೂ ಗೊತ್ತು," ಅಂದರು ಗೆಳೆಯನ ಅಪ್ಪ.

ತಾತ ಉತ್ತರ ಕೊಡಲಿಲ್ಲ. ಸಾರು ಬಡಿಸಿಕೊಂಡರು. ಆಗ ನಾವು, ಮೂರು ಸೆಮಿಸ್ಟರ್ ಮುಗಿಸಿದ ಮಹಾ ಇಂಜಿನಿಯರ್‌ಗಳು, ಬಾಯಿ ಹಾಕಿದ್ವಿ. "ನಾವು ಮಾಡ್ತೀವಿ ತಾತ. ಒಂದು ಆಯಿಲ್ ಸೀಲ್ ಅಷ್ಟೇ ಇರುತ್ತೆ."

ಅಷ್ಟೇ ಇರುತ್ತೆ ಅನ್ನೋ ಮಾತನ್ನು ಇನ್ನು ಮುಂದೆ ಯಾರೂ ನಮ್ಮ ಬಾಯಲ್ಲಿ ಕೇಳಲ್ಲ.

ಬೆಳಗ್ಗೆ ತಾತ ನಮಗೆ ಮೊದಲು ತೋರಿಸಿದ್ದು ಕಾರನ್ನಲ್ಲ, ರಟ್ಟುಗಳನ್ನ. ಟಿವಿ ಡಬ್ಬ, ಬಿಸ್ಕೆಟ್ ಡಬ್ಬ ಬಿಚ್ಚಿ ಕಾರಿನಡಿ ಹಾಸುತ್ತಿದ್ದ ರಟ್ಟುಗಳು. ಎದುರುಮನೆ ಅಜ್ಜಿ "ನಿಮ್ ಕಾರಿನ ಎಣ್ಣೆ ಮೇಲೆ ರಂಗೋಲಿ ಎಳೆನೇ ಕೂರಲ್ಲ" ಅಂತ ಜಗಳ ತೆಗೆದ ಮೇಲೆ ಈ ವ್ಯವಸ್ಥೆ. ಪ್ರತಿ ರಟ್ಟಿನ ಮೇಲೂ ಮುಂದಿನ ಚಕ್ರ ಎಲ್ಲಿತ್ತು ಅಂತ ಸೀಮೆಸುಣ್ಣದಲ್ಲಿ ಗೆರೆ, ಮೂಲೇಲಿ ತಾರೀಖು. ನಮಗೆ ಅದು ಗಲೀಜು ರಟ್ಟು. ತಾತನಿಗೆ ಅದು ರೋಗಿಯ ಕೇಸ್ ಶೀಟು.

ಕಲೆಗಳು ಎರಡು ಥರ ಇದ್ದವು. ಮುಂದುಗಡೆ ತೆಳ್ಳಗೆ ಹರಡಿದ ಕಪ್ಪು ಕಲೆ. ಅದರ ಹಿಂದೆ, ಡ್ರೈವರ್ ಸೀಟಿನ ನೇರಕ್ಕಿಂತ ಸ್ವಲ್ಪ ಹಿಂದೆ, ಜೇನಿನ ಬಣ್ಣದ ದಪ್ಪ ಹನಿ. ತಾತ ಎರಡನೆಯದನ್ನು ಬೆರಳಲ್ಲಿ ಉಜ್ಜಿ ನಮ್ಮ ಮೂಗಿನ ಹತ್ತಿರ ಹಿಡಿದರು. ಕೆಟ್ಟ ವಾಸನೆ. ಹಬ್ಬದ ಮಾರನೇ ದಿನ ಬೀದಿ ತುಂಬಾ ಇರುತ್ತಲ್ಲ, ಹೆಚ್ಚುಕಮ್ಮಿ ಆ ಪಟಾಕಿ ವಾಸನೆ.

"ಇಂಜಿನ್ ಆಯಿಲ್ ನಾರಲ್ಲ. ಇದು ನೈಂಟಿ ಆಯಿಲು, ಗೇರ್ ಬಾಕ್ಸಿಂದು," ಅಂದರು.

ಕಾರಣ ನಮಗೆ ಗೊತ್ತಿತ್ತು, ವಾಸನೆ ಗೊತ್ತಿರಲಿಲ್ಲ. ಗೇರ್ ಹಲ್ಲುಗಳ ಮೇಲೆ ಬೀಳೋ ಒತ್ತಡಕ್ಕೆ ಬರೀ ಎಣ್ಣೆಯ ಪದರ ಹರಿದುಹೋಗುತ್ತೆ, ಅದಕ್ಕೇ ಗೇರ್ ಆಯಿಲ್‌ಗೆ ಗಂಧಕ, ರಂಜಕ ಇರೋ ರಾಸಾಯನಿಕ ಸೇರಿಸ್ತಾರೆ ಅಂತ ಓದಿದ್ವಿ. ಪಟಾಕಿಯಲ್ಲಿರೋದೂ ಗಂಧಕವೇ.

ಅಂದರೆ ಸೋರಿಕೆ ಎರಡು. ಮುಂದಿನದು ಬೇಗ ಸಿಕ್ಕಿತು. ಈ ಇಂಜಿನ್ನಿನ ಪಕ್ಕದಲ್ಲಿ ಟ್ಯಾಪೆಟ್ ಕವರ್ ಅಂತ ತಗಡಿನ ಮುಚ್ಚಳಗಳಿವೆ, ಅವುಗಳ ಕಾರ್ಕ್ ಗ್ಯಾಸ್ಕೆಟ್ ಒಣಗಿ ಬಿಸ್ಕೆಟ್ ಥರ ಮುರೀತಿತ್ತು. ಬದಲಾಯಿಸಿದ್ವಿ, ನಿಂತಿತು. ಹಿಂದಿನದು ನಮ್ಮ ಹನ್ನೆರಡು ದಿನ ತಿಂತು.

ಯಾಕಂದ್ರೆ ಗೇರ್ ಬಾಕ್ಸ್ ಎಣ್ಣೆ ಹೊರಗೆ ಬರೋಕೆ ದಾರಿ ಒಂದಲ್ಲ. ಅಡಿಯಲ್ಲಿ ಡ್ರೈನ್ ಪ್ಲಗ್ ಇದೆ. ಸ್ಪೀಡೋಮೀಟರ್ ಕೇಬಲ್ ಸೇರೋ ಜಾಗ ಇದೆ. ಗೇರ್ ಬದಲಾಯಿಸೋ ರಾಡ್ ಒಳಗೆ ಹೋಗೋ ಜಾಗ ಇದೆ. ಮುಂದುಗಡೆ ಕ್ಲಚ್ ಕಡೆಯಿಂದ ಬರಬಹುದು. ಹಿಂದುಗಡೆ, ಪ್ರೊಪೆಲರ್ ಶಾಫ್ಟ್ ಒಳಗೆ ತೂರೋ ಕಡೆಯಿಂದಲೂ ಬರಬಹುದು. ಅಲ್ಲದೆ ಎಣ್ಣೆ ಎಲ್ಲಿ ಹುಟ್ಟುತ್ತೋ ಅಲ್ಲೇ ಬೀಳಲ್ಲ. ಕಾರು ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತೆ. ನಿಂತಾಗ ಅದು ಕೆಳಕ್ಕೆ ಹರಿದು, ಯಾವುದೋ ಬೋಲ್ಟಿನ ತುದಿಗೆ ಬಂದು, ಅಲ್ಲಿಂದ ತೊಟ್ಟಿಕ್ಕುತ್ತೆ. ಹಾಗಾಗಿ ಹನಿ ಬೀಳೋ ಜಾಗ ನೋಡಿ ಬಿಚ್ಚೋಕೆ ಹೋದರೆ ಕೆಲಸ ಕೆಟ್ಟ ಹಾಗೆ. ಒದ್ದೆ ಇರೋ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು, ಎಲ್ಲಕ್ಕಿಂತ ಮುಂದಿನದು ಯಾವುದು ಅಂತ ಹುಡುಕಬೇಕು.

ಮೊದಲು ಕಾರಿನ ಹಿಂಭಾಗ ಎತ್ತಿದ್ವಿ. ತಾತ ಕುರ್ಚಿ ಹಾಕ್ಕೊಂಡು ಪಕ್ಕದಲ್ಲೇ ಕೂತರು. "ಜಾಕ್ ನಂಬ್ಕಂಡು ಗಾಡಿ ಅಡೀಗೆ ತಲೆ ಹಾಕ್ಬ್ಯಾಡ್ರಿ" ಅಂತ ನಾಲ್ಕು ಸಲ ಹೇಳಿ, ಪಕ್ಕದ ಗ್ಯಾರೇಜಿಂದ ಸ್ಟ್ಯಾಂಡ್ ತರಿಸಿ, ಮುಂದಿನ ಚಕ್ರಕ್ಕೆ ಕಲ್ಲು ಕೊಡಿಸಿ, ಆಮೇಲೆ ಒಳಗೆ ಬಿಟ್ಟರು. ಸೀಮೆಎಣ್ಣೆ, ಹಳೇ ಬ್ರಶ್ಶು, ಹಳೇ ಪಂಚೆ. ಮೂವತ್ತು ಚಿಲ್ಲರೆ ವರ್ಷಗಳ ಧೂಳು, ಎಣ್ಣೆ ಸೇರಿ ಗೇರ್ ಬಾಕ್ಸ್ ಮೇಲೆ ಕಪ್ಪು ಅಂಟಿನ ಚರ್ಮ ಬೆಳೆದಿತ್ತು. ಕೆರೆದು ತೊಳೆಯೋಕೆ ಒಂದೂವರೆ ದಿನ.

ಆಮೇಲೆ ಪೌಡರ್ ಹಾಕಬೇಕು, ಎಣ್ಣೆ ಬಂದ ಕಡೆ ಗೆರೆ ಕಾಣುತ್ತೆ ಅಂತ ವೀಡಿಯೋಲಿ ನೋಡಿದ್ವಿ. ಎದುರುಮನೆ ಅಜ್ಜಿ ಹತ್ರ ರಂಗೋಲಿ ಪುಡಿ ಕೇಳಿದ್ವಿ. ಅವರು ಖುಷಿಯಿಂದ ಒಂದು ಡಬ್ಬ ಕೊಟ್ಟರು. ತಾತ ನೋಡಿ ಎದ್ದೇಬಿಟ್ಟರು. "ಅದು ಕಲ್ಲಿನ ಪುಡಿ ಕಣ್ರೋ! ಸೀಲೊಳಗೆ ಒಂದು ಕಣ ಹೋದ್ರೆ ಉಪ್ಪುಕಾಗದ ಹಾಕಿ ಉಜ್ಜಿದಂಗೆ. ಮುಖಕ್ಕೆ ಹಾಕೋ ಪೌಡರ್ ತರ್ರಿ." ಗೆಳೆಯನ ಅಮ್ಮನ ಪೌಡರ್ ಡಬ್ಬ ಖಾಲಿಯಾಯ್ತು. ಅಂಬಾಸಿಡರ್ ಹೊಟ್ಟೆ ಮದುಮಗಳ ಮುಖದ ಥರ ಬೆಳ್ಳಗಾಯ್ತು.

ತಾತನೇ ಓಡಿಸಿದರು. ಜಾವಗಲ್ ರಸ್ತೇಲಿ ಸ್ವಲ್ಪ ದೂರ ಹೋಗಿ ವಾಪಸ್. ಗೇರ್ ಬಾಕ್ಸ್ ಬಿಸಿಯಾದರೆ ಎಣ್ಣೆ ತೆಳ್ಳಗಾಗಿ ಬೇಗ ಸುಳಿವು ಕೊಡುತ್ತೆ. ಮತ್ತೆ ಅಡಿಗೆ ಹೋಗಿ ಟಾರ್ಚ್ ಹಿಡಿದು ಒಂದೊಂದೇ ನೋಡಿದ್ವಿ.

ಇಂಜಿನ್ನಿಗೂ ಗೇರ್ ಬಾಕ್ಸ್‌ಗೂ ನಡುವೆ ಕ್ಲಚ್ ಇರೋ ಬೆಲ್ ಹೌಸಿಂಗ್. ಅದರ ತಳದಲ್ಲಿ ಒಂದು ತೂತು, ತೂತು ಕಟ್ಟದ ಹಾಗೆ ಅದರಲ್ಲಿ ಒಂದು ಪಿನ್ ಸಡಿಲವಾಗಿ ನೇತಾಡುತ್ತಿತ್ತು. ಅಲ್ಲಿ ಒದ್ದೆ ಇದ್ದಿದ್ದರೆ ನಮ್ಮ ಕಥೆ ದೊಡ್ಡದಾಗ್ತಿತ್ತು, ಗೇರ್ ಬಾಕ್ಸ್ ಪೂರ್ತಿ ಇಳಿಸಬೇಕಿತ್ತು. ಈ ಇಂಜಿನ್ನಿನ ಹಿಂದಿನ ಮೇನ್ ಬೇರಿಂಗ್ ಹತ್ತಿರ ರಬ್ಬರ್ ಸೀಲೇ ಇಲ್ಲ, ಗೊತ್ತಾ? ಕ್ರ್ಯಾಂಕ್ ಶಾಫ್ಟ್ ಮೇಲೆ ತಿರುಪಿನ ಥರ ಗೆರೆ ಕೊರೆದಿರ್ತಾರೆ. ಶಾಫ್ಟ್ ತಿರುಗುವಾಗ ಆ ಗೆರೆಯೇ ಎಣ್ಣೆಯನ್ನು ವಾಪಸ್ ಒಳಕ್ಕೆ ನೂಕುತ್ತೆ. ಅಲ್ಲಿ ಒಣಗಿತ್ತು. ಡ್ರೈನ್ ಪ್ಲಗ್ ಒಣಗಿತ್ತು. ಸ್ಪೀಡೋಮೀಟರ್ ಕೇಬಲ್ ಒಣಗಿತ್ತು. ಗೇರ್ ರಾಡ್ ಹತ್ತಿರ ಸ್ವಲ್ಪ ತೇವ, ಹನಿ ಇಲ್ಲ.

ಹಿಂದಿನ ತುದಿಯಲ್ಲಿ, ಬಿಳಿ ಪೌಡರ್ ಮಧ್ಯೆ, ಒಂದು ಕಂದು ಗೆರೆ. ಅದರ ನೇರಕ್ಕೆ ಮೇಲೆ, ಕಾರಿನ ತಳದ ತಗಡಿನ ಮೇಲೆ, ಸಣ್ಣ ಹನಿಗಳ ಸಾಲು ಅರ್ಧ ಚಂದ್ರನ ಥರ. ತಿರುಗೋ ಶಾಫ್ಟ್ ಎಣ್ಣೆಯನ್ನು ಸುತ್ತಲೂ ಎರಚಿದ ಗುರುತು. ಹಿಂದಿನ ಆಯಿಲ್ ಸೀಲ್!

"ಹೇಳಿಲ್ವಾ ತಾತ?" ಅಂದ್ವಿ. ತಾತ "ಹೂಂ" ಅಂದರು. ಈಗ ಯೋಚಿಸಿದ್ರೆ ಅದು ಒಪ್ಪಿಗೆಯ ಹೂಂ ಆಗಿರಲಿಲ್ಲ.

ಪ್ರೊಪೆಲರ್ ಶಾಫ್ಟ್ ಮುಂದಿನ ತುದಿಯಲ್ಲಿ ಒಂದು ನುಣುಪಾದ ಕೊಳವೆ ಇರುತ್ತೆ, ಗ್ಯಾರೇಜ್‌ನವರು ಯೋಕ್ ಅಂತಾರೆ. ಅದು ಗೇರ್ ಬಾಕ್ಸ್ ಹಿಂಬದಿಗೆ ತೂರಿಕೊಂಡು, ಹಿಂದಿನ ಚಕ್ರ ಮೇಲೆ ಕೆಳಗೆ ಆದ ಹಾಗೆ ಒಂಚೂರು ಒಳಗೆ ಹೊರಗೆ ಜಾರುತ್ತೆ. ಸೀಲಿನ ರಬ್ಬರ್ ತುಟಿ ಈ ಯೋಕ್ ಮೇಲೆ ಕೂತಿರುತ್ತೆ, ಆ ತುಟಿಯನ್ನು ಒಂದು ಸಣ್ಣ ಸ್ಪ್ರಿಂಗ್ ಬಳೆ ಒತ್ತಿ ಹಿಡಿದಿರುತ್ತೆ. ಹಿಂದಿನ ನಾಲ್ಕು ಬೋಲ್ಟ್ ಬಿಚ್ಚುವ ಮೊದಲು ಎರಡೂ ಫ್ಲಾಂಜ್ ಮೇಲೆ ಪಂಚಿನಲ್ಲಿ ಗುರುತು ಹೊಡೆದ್ವಿ, ಇಲ್ಲದಿದ್ದರೆ ಬ್ಯಾಲೆನ್ಸ್ ತಪ್ಪುತ್ತೆ. ಶಾಫ್ಟ್ ಎಳೆದ್ವಿ. ಹಿಂಭಾಗ ಎತ್ತಿದ್ದರಿಂದ ಎಣ್ಣೆ ಹೆಚ್ಚು ಚೆಲ್ಲಲಿಲ್ಲ. ಸೀಲ್ ಕಿತ್ತಾಗ ಅದರ ರಬ್ಬರ್ ಪ್ಲಾಸ್ಟಿಕ್ಕಿನಷ್ಟು ಗಟ್ಟಿ. ಅದರ ಮುಖದ ಮೇಲೆ ಮೂರು ಅಂಕಿ ಇದ್ದವು: ಒಳ ವ್ಯಾಸ, ಹೊರ ವ್ಯಾಸ, ದಪ್ಪ. ಅದನ್ನೇ ಬರೆದುಕೊಂಡು ಹಾಸನದ ಹಳೇ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಬಸ್ಸಲ್ಲಿ ಹೋದ್ವಿ. ತೊಂಬತ್ತು ರೂಪಾಯಿ.

ಇಲ್ಲೇ ನಾವು ಸ್ವಲ್ಪ ಬೀಗಿದ್ದು. ಯೋಕ್ ಮೇಲೆ, ಸೀಲ್ ಕೂರುತ್ತಿದ್ದ ಕಡೆ, ಉಗುರಿಗೆ ಸಿಗೋ ಒಂದು ಗೆರೆ ಬಿದ್ದಿತ್ತು. ಮೆತ್ತನೆ ರಬ್ಬರ್ ಗಟ್ಟಿ ಸ್ಟೀಲನ್ನು ಸವೆಸಿದೆ! ರಬ್ಬರ್ ಒಳಗೆ ಸೇರಿದ ಧೂಳು ಮಾಡೋ ಕೆಲಸ ಅದು. ಹೊಸ ಸೀಲ್ ಹಳೇ ಜಾಗದಲ್ಲೇ ಕೂತರೆ ತುಟಿ ಆ ಹಳ್ಳದಲ್ಲಿ ಬೀಳುತ್ತೆ, ಮತ್ತೆ ಸೋರುತ್ತೆ. ಅದಕ್ಕೇ ಸೀಲನ್ನು ಪೂರ್ತಿ ಒಳಕ್ಕೆ ಹೊಡೆಯದೆ ಎರಡು ಮೂರು ಮಿಲಿಮೀಟರ್ ಹೊರಗೇ ನಿಲ್ಲಿಸಿದ್ವಿ, ತುಟಿ ಹೊಸ ಜಾಗದ ಮೇಲೆ ಕೂರಲಿ ಅಂತ. ಸ್ಪ್ರಿಂಗ್ ಇರೋ ಮುಖ ಎಣ್ಣೆ ಕಡೆಗೆ, ತುಟಿಗೆ ಎಣ್ಣೆ ಸವರಿ, ಮರದ ತುಂಡಿಟ್ಟು ಸುತ್ತಲೂ ಸಮವಾಗಿ ತಟ್ಟಿ. ಎಲ್ಲಾ ಪುಸ್ತಕದ ಪ್ರಕಾರ. ಎಣ್ಣೆ ತುಂಬಿಸಿದ್ವಿ. ರೂಟ್ ಕಾಸ್ ಸಿಕ್ತು ಅಂತ ಒಬ್ಬರ ಕೈಗೊಬ್ಬರು ತಟ್ಟಿಕೊಂಡ್ವಿ.

ಒಂದು ದಿನ ರಟ್ಟು ಒಣಗಿತ್ತು. ಎರಡನೇ ದಿನವೂ. ತಾತ ಬೆಂಗಳೂರಿನವರಿಗೆ ಫೋನ್ ಮಾಡಿ, ಭಾನುವಾರ ಬನ್ನಿ ಅಂದರು.

ಶನಿವಾರ ಸಂತೆಗೆ ಹೋಗಿ ಬಂದರು. ಭಾನುವಾರ ಬೆಳಗ್ಗೆ ಐದೂವರೆಗೆ ನಾವು ಎದ್ದು ನೋಡಿದ್ರೆ ರಟ್ಟಿನ ಮೇಲೆ ಜೇನಿನ ಬಣ್ಣದ ಹನಿ. ಒಂದಲ್ಲ, ಆರು.

ಹತ್ತು ಗಂಟೆಗೆ ಅವರು ಬರ್ತಾರೆ. ಫೀಸು ಕಟ್ಟೋಕೆ ಹತ್ತು ದಿನ ಉಳಿದಿದೆ. ಗೆಳೆಯನ ಅಪ್ಪ ಬಂದು ನೋಡಿದರು. ಒಳಗೆ ಕೇಳಿಸದ ಹಾಗೆ ಹೇಳಿದರು. "ಒರೆಸಿಬಿಡ್ರಪ್ಪ. ಓಡಿಸಿದ್ರೆ ತಾನೇ ಸೋರೋದು? ಒಂದು ರೌಂಡಿಗೆ ಏನೂ ಕಾಣಲ್ಲ."

ಅವರು ಕೆಟ್ಟವರಲ್ಲ. ಅವರ ಮುಖ ನೋಡಿದ್ರೆ ಆ ಮಾತು ಹೇಳೋಕೆ ಅವರಿಗೆ ಎಷ್ಟು ಕಷ್ಟವಾಯ್ತು ಅಂತ ಗೊತ್ತಾಗ್ತಿತ್ತು. ಮತ್ತೆ ನಾವು? ನಾವು ಒರೆಸಿದ್ವಿ. ಇದನ್ನು ಬರೆಯಬೇಕೋ ಬೇಡವೋ ಅಂತ ಮೂವರೂ ಕೂತು ಮಾತಾಡಿ, ಬರೆಯೋದೇ ಸರಿ ಅಂತ ಬರೀತಿದ್ದೀವಿ. ಪೆಟ್ರೋಲ್ ಬಟ್ಟೇಲಿ ಸೀಲ್ ಸುತ್ತ ಒರೆಸಿ, ತಗಡಿನ ಮೇಲಿನ ಹನಿ ಒರೆಸಿ, ರಟ್ಟು ಮಡಚಿ ಹಿತ್ತಲಿಗೆ ಎಸೆದ್ವಿ. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ನಮಗೆ ಫೀಸಿನ ಚಿಂತೆ ಇತ್ತು ನಿಜ. ಅದಕ್ಕಿಂತ ಹೆಚ್ಚಾಗಿ, ಕೆಲಸ ಫೇಲ್ ಆಯ್ತು ಅಂತ ತಾತನಿಗೆ ಹೇಳೋ ಧೈರ್ಯ ಇರಲಿಲ್ಲ.

ಏಳು ಗಂಟೆಗೆ ತಾತ ಕಾಫಿ ಲೋಟ ಹಿಡಿದು ಹೊರಗೆ ಬಂದರು. ಕಾರಿನಡಿ ರಟ್ಟಿಲ್ಲ. ಅವರಿಗೆ ಮಂಡಿ ನೋವು, ಕೆಳಗೆ ಕೂರೋಕಾಗಲ್ಲ. ಬಾಗಿಲು ಹಿಡ್ಕೊಂಡು, ನಿಧಾನಕ್ಕೆ ಒಂದು ಕಾಲು ಚಾಚಿ, ನೆಲದ ಮೇಲೆ ಪಕ್ಕಕ್ಕೆ ಒರಗಿ, ಕೈ ಒಳಗೆ ಹಾಕಿ ಸೀಲಿನ ಕೆಳಗೆ ಮುಟ್ಟಿದರು. ಬೆರಳು ಮೂಸಿದರು. ಪೆಟ್ರೋಲ್ ವಾಸನೆ. ನಾವು ಕೈ ಕೊಟ್ಟು ಎಬ್ಬಿಸಿದ್ವಿ. ಬೈಯಲಿಲ್ಲ. ಹಿತ್ತಲಿಗೆ ಹೋಗಿ ರಟ್ಟು ತಂದು, ಮಡಿಕೆ ಬಿಡಿಸಿ, ಮತ್ತೆ ಅದೇ ಜಾಗಕ್ಕೆ ಹಾಸಿದರು. ಆಮೇಲೆ ಫೋನ್ ತಗೊಂಡು ಬೆಂಗಳೂರಿಗೆ ಹಚ್ಚಿದರು.

"ಸಾರ್, ನಮಸ್ಕಾರ. ಹೊರಟ್ಬಿಟ್ರಾ? ಬರಬ್ಯಾಡಿ ಇವತ್ತು. ಗಾಡಿ ಇನ್ನೂ ಸೋರ್ತಾ ಐತೆ. ಹದಿನೈದು ದಿನ ಬಿಟ್ಟು ನಾನೇ ಹೇಳ್ತೀನಿ."

ಗೆಳೆಯನ ಅಪ್ಪ ಚಪ್ಪಲಿ ಮೆಟ್ಟಿ ತೋಟಕ್ಕೆ ಹೋದವರು ರಾತ್ರಿ ಬಂದರು.

ಸೋಮವಾರ ತಾತ ನಮ್ಮನ್ನು ಅವರ ಹಳೇ ಮೇಸ್ತ್ರಿ ಹತ್ರ ಕರ್ಕೊಂಡು ಹೋದರು. ಹತ್ತು ವರ್ಷದಿಂದ ಗ್ಯಾರೇಜ್ ಮುಚ್ಚಿ ಮಗನ ಪಂಕ್ಚರ್ ಅಂಗಡೀಲಿ ಕೂರೋ ಮೇಸ್ತ್ರಿ. ನಾವು ಹೋಗಿ ಸೀಲ್ ಕಥೆ, ಗೆರೆ ಕಥೆ, ಮೂರು ಮಿಲಿಮೀಟರ್ ಕಥೆ, ಎಲ್ಲಾ ಹೇಳಿದ್ವಿ. ಅವರು ಕಾರಿನಡಿ ಕೈ ಹಾಕಿ ಪ್ರೊಪೆಲರ್ ಶಾಫ್ಟ್ ಮುಂದಿನ ತುದಿ ಹಿಡಿದು ಮೇಲಕ್ಕೂ ಕೆಳಕ್ಕೂ ಒತ್ತಿದರು. ಟಕ್. ಟಕ್.

"ಆಡ್ತಾ ಐತಲ್ರೋ," ಅಂದರು.

ನಾವು ಕ್ಲಿಯರೆನ್ಸ್ ಅಂತ ಬರೆದು ಮಾರ್ಕ್ಸ್ ತಗೊಂಡವರು. ಕ್ಲಿಯರೆನ್ಸ್ ಅನ್ನೋದು ಆಡುತ್ತೆ ಅಂತ, ಕೈಗೆ ಟಕ್ ಅಂತ ಸಿಗುತ್ತೆ ಅಂತ ಅವತ್ತೇ ಗೊತ್ತಾಗಿದ್ದು. ಗೇರ್ ಬಾಕ್ಸ್ ಹಿಂದಿನ ತುದಿಯಲ್ಲಿ, ಸೀಲಿಗಿಂತ ಒಳಗೆ, ಯೋಕನ್ನು ಸುತ್ತಲೂ ಹಿಡಿದುಕೊಳ್ಳೋ ಒಂದು ಬುಷ್ ಇದೆ. ಅದು ಸವೆದು ಹೋಗಿತ್ತು. ಶಾಫ್ಟ್ ತಿರುಗುವಾಗ ನೆಟ್ಟಗೆ ತಿರುಗದೆ ಕುಣಿಯುತ್ತಿತ್ತು. ಸೀಲಿನ ತುಟಿ ಒಂದು ಕಡೆ ಒತ್ತಿಸಿಕೊಂಡು ಇನ್ನೊಂದು ಕಡೆ ಬಾಯಿ ಬಿಡುತ್ತಿತ್ತು. ಸೀಲ್ ಇರೋದು ಎಣ್ಣೆ ತಡೆಯೋಕೆ, ಶಾಫ್ಟ್ ಹಿಡಿಯೋಕಲ್ಲ. ಹೊಸ ಸೀಲ್ ಎರಡು ದಿನ ತಡೆದಿದ್ದೇ ಹೆಚ್ಚು.

"ಸರಿ, ಬುಷ್ ಹಾಕಿದ್ರೆ ಆಯ್ತಲ್ವಾ ಮೇಸ್ತ್ರಿ?"

"ಬುಷ್ ಯಾಕೆ ಹೋಯ್ತು?"

ನಮಗೆ ಉತ್ತರ ಗೊತ್ತಿರಲಿಲ್ಲ. ಶಾಫ್ಟ್ ಬಿಚ್ಚಿ ಹೊರಗೆ ತೆಗೆದ ಮೇಲೆ ಅವರೇ ತೋರಿಸಿದರು. ಯೋಕಿಗೂ ಶಾಫ್ಟಿಗೂ ನಡುವೆ ಇರೋ ಕ್ರಾಸ್, ನಮ್ಮ ಪುಸ್ತಕದ ಯೂನಿವರ್ಸಲ್ ಜಾಯಿಂಟ್. ಒಂದು ದಿಕ್ಕಿಗೆ ಸಲೀಸಾಗಿ ಆಡಿತು, ಇನ್ನೊಂದು ದಿಕ್ಕಿಗೆ ಗರಗರ ಅಂತ ಸಿಕ್ಕಿಕೊಂಡಿತು. ಅದರ ಬಟ್ಟಲು ಬಿಚ್ಚಿದರೆ ಒಳಗೆ ಗ್ರೀಸಿಲ್ಲ. ಕೆಂಪು ತುಕ್ಕಿನ ಪುಡಿ. ಸೂಜಿಯಂಥ ರೋಲರ್‌ಗಳು ಮುರಿದು ಕಡ್ಡಿಯಾಗಿದ್ದವು. ಕ್ರಾಸ್ ಕಚ್ಚಿಕೊಂಡು ಶಾಫ್ಟ್ ಅದುರಿತು, ಅದುರಿ ಬುಷ್ ತಿಂತು, ಬುಷ್ ಹೋಗಿ ಸೀಲ್ ಸೋರಿತು. ನಾವು ನೋಡಿದ್ದು ಕೊನೆಯದನ್ನ ಮಾತ್ರ.

"ಇದಕ್ಕೆ ಗ್ರೀಸ್ ನಿಪ್ಪಲ್ ಐತೆ," ಅಂದರು ಮೇಸ್ತ್ರಿ. "ಆಗಾಗ ನಾಕು ಪಂಪ್ ಹೊಡದ್ರೆ ಇದು ನಮಗಿಂತ ಹೆಚ್ಗೆ ದಿನ ಬದುಕತ್ತೆ." ಆಮೇಲೆ ತಾತನ ಕಡೆ ತಿರುಗಿ, "ಏನ್ ಯಜಮಾನ್ರೇ, ತಿಂಗಳಿಗೊಂದು ಸಲ ನೀವೇ ಹೊಡೀತಿದ್ರಲ್ಲ?"

ತಾತ ಮಂಡಿ ಸವರಿಕೊಂಡರು. "ಆರು ವರ್ಷ ಆಯ್ತು ಮೇಸ್ತ್ರಿ. ಅಡೀಗೆ ಹೋದ್ರೆ ಏಳಕ್ಕಾಗಲ್ಲ."

ಅಷ್ಟೇ ಹೇಳಿದ್ದು. ಯಾರ ಮೇಲೂ ದೂರಲ್ಲ. ಆದರೆ ನಮ್ಮ ಅರಸೀಕೆರೆಯವನು ಎದ್ದು ಹೋಗಿ ನಲ್ಲಿ ಹತ್ರ ತುಂಬಾ ಹೊತ್ತು ಕೈ ತೊಳೆದ. ಆರು ವರ್ಷ ಅಂದರೆ ಅವನು ಏಳನೇ ಕ್ಲಾಸ್ ದಾಟಿದಾಗಿಂದ. ಅದೇ ಕಾರಲ್ಲಿ ತಾತ ಅವನನ್ನು ಸ್ಕೂಲಿಗೆ ಬಿಟ್ಟಿದ್ದರು, ಹಾಸ್ಟೆಲ್ಲಿಗೆ ಹಾಸಿಗೆ ತಂದು ಹಾಕಿದ್ದರು. ಗ್ರೀಸ್ ಗನ್ ಹಜಾರದ ಮೊಳೆಗೆ ನೇತುಬಿದ್ದಿತ್ತು, ದಿನಾ ಅದರ ಕೆಳಗೇ ಅವನು ಊಟ ಮಾಡ್ತಿದ್ದ. ತಾತ ಕೇಳಿದ್ದರೆ ಹೊಡೀತಿದ್ದ. ತಾತ ಕೇಳಲಿಲ್ಲ, ಅವನಿಗೆ ಹೊಳೆಯಲಿಲ್ಲ. ನಾವಿಬ್ಬರು ಅವನಿಗೆ ಏನೂ ಹೇಳಲಿಲ್ಲ. ನಮ್ಮ ಮನೆಗಳಲ್ಲೂ ಮೊಳೆಗೆ ನೇತುಬಿದ್ದ ಏನಾದರೂ ಇದ್ದೇ ಇರುತ್ತೆ.

ಕ್ರಾಸ್ ಹಾಸನದಲ್ಲಿ ಸಿಕ್ಕಿತು. ಬುಷ್ ಎಲ್ಲೂ ಸಿಗಲಿಲ್ಲ. ಮೇಸ್ತ್ರಿ ನಮ್ಮನ್ನು ಒಂದು ಲೇಥ್ ಅಂಗಡಿಗೆ ಕಳಿಸಿದರು. ಗನ್ ಮೆಟಲ್ ಸರಳಿನಿಂದ ಬುಷ್ ತಿರುಗಿಸಿಕೊಡೋಕೆ ಆರುನೂರು ರೂಪಾಯಿ. ನಾವು ವರ್ನಿಯರ್ ಹಿಡ್ಕೊಂಡು ಯೋಕಿನ ವ್ಯಾಸ ಅಳೆದು, ಅದಕ್ಕೆ ಬೇಕಾದ ಸಂದು ಸೇರಿಸಿ, ಚೀಟಿ ಬರೆದು ಕೊಟ್ವಿ. ಅವರು ಚೀಟಿ ನೋಡಿ ಕೇಳಿದರು: "ಒತ್ತಿ ಕೂರಿಸಿದ ಮೇಲೆ ಒಳಗಿನ ತೂತು ಚಿಕ್ಕದಾಗುತ್ತಲ್ಲ, ಅದನ್ನ ಎಲ್ಲಿ ಲೆಕ್ಕ ಹಾಕಿದ್ದೀರಿ?" ಇಂಟರ್‌ಫಿಯರೆನ್ಸ್ ಫಿಟ್. ಅದೇ ಸೆಮಿಸ್ಟರಲ್ಲಿ ಬರೆದು ಬಂದಿದ್ವಿ. ಬುಷ್ ಹೊರಗಿನಿಂದ ಹಿಂಡಿಸಿಕೊಂಡಾಗ ಒಳಗೂ ಕುಗ್ಗುತ್ತೆ ಅಂತ ಡಯಾಗ್ರಾಂ ಸಮೇತ. ಅವರು ಒಳ ತೂತನ್ನು ಬೇಕಂತಲೇ ಚಿಕ್ಕದು ಬಿಟ್ಟು, ಹಿಂದಿನ ಕವರಿಗೆ ಒತ್ತಿ ಕೂರಿಸಿ, ಆಮೇಲೆ ಕವರನ್ನೇ ಲೇಥಿಗೆ ಕಟ್ಟಿ ಯೋಕಿನ ಅಳತೆಗೆ ತೆಗೆದರು. ಯೋಕ್ ಒಳಗೆ ಬಿಟ್ಟಾಗ ಎಣ್ಣೆ ಸವರಿದ ಬೆರಳು ಉಂಗುರಕ್ಕೆ ಹೋದ ಹಾಗೆ ಹೋಯ್ತು. ಅಲ್ಲಾಡಿಸಿದ್ವಿ. ಟಕ್ ಇಲ್ಲ.

ಹೊಸ ಕ್ರಾಸ್, ಹೊಸ ಬುಷ್, ಮತ್ತೊಂದು ತೊಂಬತ್ತು ರೂಪಾಯಿ ಸೀಲು. ಕೊನೆಯಲ್ಲಿ ಗೆಳೆಯ ಗ್ರೀಸ್ ಗನ್ ತಗೊಂಡು ಒಬ್ಬನೇ ಅಡಿಗೆ ಹೋದ. ಹಳೇ ಗ್ರೀಸ್ ನಾಲ್ಕೂ ಬಟ್ಟಲಿನಿಂದ ಹೊರಗೆ ಉಕ್ಕೋವರೆಗೆ ಪಂಪ್ ಮಾಡು ಅಂತ ಇದ್ದಿದ್ದರೂ ಹೊಸ ಕ್ರಾಸಿಗೆ ಅಷ್ಟು ಬೇಕಿರಲಿಲ್ಲ. ಅವನು ಹೊಡೀತಾನೇ ಇದ್ದ. ತಾತ "ಸಾಕು ಬಾರೋ ಮಗ" ಅಂದ ಮೇಲೆ ಹೊರಗೆ ಬಂದ.

ಹೊಸ ರಟ್ಟು ಹಾಸಿದ್ವಿ. ಗೆರೆ, ತಾರೀಖು. ಹಳೇಬೀಡಿಗೆ ಹೋಗಿ ಬಂದ್ವಿ, ದೇವಸ್ಥಾನದ ಹುಲ್ಲಿನ ಮೇಲೆ ಕೂತು ಚಿತ್ರಾನ್ನ ತಿಂದ್ವಿ. ತಾತ ಎಂಬತ್ತರ ದಶಕದಲ್ಲಿ ಪ್ರವಾಸಿಗಳಿಗೆ ಹೇಳುತ್ತಿದ್ದ ಗೈಡ್ ಇಂಗ್ಲಿಷ್ ಹೇಳಿ ನಗಿಸಿದರು. ನಾಲ್ಕು ದಿನ ಬಿಟ್ಟು ನೋಡಿದ್ರೆ ರಟ್ಟು ಅಂಗಡಿಯಿಂದ ತಂದ ಹಾಗೇ ಇತ್ತು.

ಅಷ್ಟರಲ್ಲಿ ಫೀಸಿನ ದಿನ ದಾಟಿತ್ತು. ಗೆಳೆಯನ ಅಪ್ಪ ಸೊಸೈಟೀಲಿ ಸಾಲ ಮಾಡಿ, ದಂಡದ ಸಮೇತ ಕಟ್ಟಿದರು. ಅವರು ತಾತನ ಜೊತೆ ಸರಿಯಾಗಿ ಮಾತಾಡೋಕೆ ಇನ್ನೂ ಒಂದು ವಾರ ಹಿಡೀತು ಅಂತ ಆಮೇಲೆ ಗೊತ್ತಾಯ್ತು. ನಿಯತ್ತು ಪುಗಸಟ್ಟೆ ಬರಲ್ಲ. ಅವರ ಮನೇಲಿ ಅದಕ್ಕೆ ಬಡ್ಡಿ ಕೂಡ ಬಿತ್ತು.

ಬೆಂಗಳೂರಿನವರು ಬಂದ ದಿನ ನಾವು ಕಾಲೇಜಲ್ಲಿದ್ವಿ. ವೀಡಿಯೋ ಕಾಲಲ್ಲಿ ನೋಡಿದ್ವಿ. ಅವರು ಅಡಿಗೆ ಬಗ್ಗಿ ನೋಡಲೂ ಇಲ್ಲ, ಸುತ್ತ ಒಂದು ಸುತ್ತು ಬಂದು ಒಪ್ಪಿದ ದುಡ್ಡು ಕೊಟ್ಟರು. ತಾತನೇ ಅವರನ್ನು ನಿಲ್ಲಿಸಿ ಎಲ್ಲಾ ಹೇಳಿದರು: ಏನು ಸೋರ್ತಿತ್ತು, ಯಾಕೆ, ಏನು ಹಾಕಿದೀವಿ, ಬುಷ್ ಕಂಪನೀದಲ್ಲ ಲೇಥಲ್ಲಿ ಮಾಡಿಸಿದ್ದು ಅಂತ. ಗ್ರೀಸ್ ಗನ್ನನ್ನು ಪೇಪರಲ್ಲಿ ಸುತ್ತಿ ಹಿಂದಿನ ಸೀಟಿನ ಮೇಲೆ ಇಟ್ಟರು. ಕಾರು ಬೀದಿ ತಿರುವಿನಲ್ಲಿ ಹೋದ ಮೇಲೂ ಫೋನ್ ಹಿಡಿದವರು ಅದೇ ಕಡೆ ಹಿಡಿದಿದ್ದರು. ಆಮೇಲೆ ಕ್ಯಾಮೆರಾ ಕೆಳಗೆ ತಿರುಗಿತು. ರಟ್ಟು ಎತ್ತಿದ ಜಾಗದಲ್ಲಿ ಸಿಮೆಂಟಿನ ಮೇಲೆ ಹಳೇ ಕಲೆ, ತಟ್ಟೆಯಗಲ. ಎದುರುಮನೆ ಅಜ್ಜಿ ಸೋಪಿನ ಪುಡಿ ಹಾಕಿ ಎರಡು ಸಲ ಉಜ್ಜಿದ್ದಾರಂತೆ. ಹೋಗಿಲ್ಲ. ಈಗ ಅದನ್ನೇ ನಡುವೆ ಇಟ್ಟು ಸುತ್ತ ಚುಕ್ಕಿ ಇಡ್ತಾರಂತೆ.

ನಾವಂತೂ ಈಗ ನಿಂತ ಗಾಡಿ ಕಂಡ್ರೆ ಮೊದಲು ಅದರ ಅಡಿ ನೋಡ್ತೀವಿ. ಹಾಸ್ಟೆಲ್ ಪಾರ್ಕಿಂಗಲ್ಲಿ ಮೂರು ಜನ ನಿಮ್ಮ ಬೈಕ್ ಪಕ್ಕ ಕುಕ್ಕರಗಾಲಲ್ಲಿ ಕೂತು ನೆಲ ಮೂಸ್ತಾ ಇದ್ದರೆ ಕಳ್ಳರು ಅಂತ ವಾರ್ಡನ್‌ಗೆ ಹೇಳಬೇಡಿ. ಎಣ್ಣೆ ಎಲ್ಲಿ ಬಿದ್ದಿದೆ ಅಂತ ನಾವು ಹೇಳ್ತೀವಿ. ಯಾಕೆ ಬಿತ್ತು ಅಂತ ಹೇಳೋಕೆ ಸ್ವಲ್ಪ ದಿನ ಬೇಕಾಗುತ್ತೆ.